ಪಾಲೆಯ ಕೆತ್ತೆ

ಫಾರ್ಮಸಿಯಲ್ಲಿ ಏನು ಓದುತ್ತಾರೆ ಎಂಬುದು ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ ಬಿಡಿ. ನನ್ನ ಅಪ್ಪ ಮುಂಡಪ್ಪ ಬಂಟ್ವಾಳ ಪೇಟೆಯ ಡಾಕ್ಟರೊಬ್ಬರ ಬಳಿ ಕಂಪೌಂಡರ್ ಆಗಿದ್ದರು. ಮಗಳನ್ನು ಡಾಕ್ಟರ್ ಮಾಡುವಷ್ಟು ಅನುಕೂಲ ಅಪ್ಪನಿಗಿಲ್ಲ, ಟೀಚರ್ ಆಗುವಷ್ಟು ತಾಳ್ಮೆ ಮಗಳಿಗಿಲ್ಲ, ಆದ್ದರಿಂದ ದೊಡ್ಡ ಕಂಪೌಂಡರ್ ಆಗಲು ಹೊರಟಿದ್ದಾಳೆ ಎಂದು ಊರು ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡಿತು. ಪೂರ್ತಿ ತಪ್ಪೇನಲ್ಲ.

೧೯೬೩ರ ಜೂನ್‌ನಲ್ಲಿ ಟ್ರಂಕು ಇಟ್ಟುಕೊಂಡು ಬೆಳ್ತಂಗಡಿ ರಸ್ತೆಯ ಬದಿಯಲ್ಲಿ ಬಸ್ಸಿಗೆ ನಿಂತಿದ್ದಾಗ ಚಾದಂಗಡಿಯ ಹಸನಬ್ಬ ಒಳಗಿನಿಂದಲೇ ಕೇಳಿದರು.

"ಅಲ್ಲ ವಿನೋದಕ್ಕ, ಬಾಟ್ಲಿಗೆ ನೀರು ತುಂಬಿಸ್ಲಿಕ್ಕೆ ನಾಲ್ಕು ವರ್ಷ ಕಲೀಲಿಕ್ಕುಂಟಾ?"

"ನೀರಿಗೆ ಒಂದೇ ವರ್ಷ ಹಸನಬ್ಬ. ಬಾಕಿ ಮೂರು ವರ್ಷ ಬಾಟ್ಲಿಗೆ."

ಬೆಂಚಿನ ಮೇಲೆ ಕುಳಿತವರೆಲ್ಲ ನಕ್ಕರು. ನಗದವನು ಚಿನ್ನಯ್ಯ ಒಬ್ಬನೇ. ಅವನು ಬೆಂಚಿನ ಮೇಲೂ ಕುಳಿತಿರಲಿಲ್ಲ. ಅಂಗಡಿಯಿಂದ ಹತ್ತು ಹೆಜ್ಜೆ ದೂರದಲ್ಲಿ, ಮೈಲುಗಲ್ಲಿನ ಹತ್ತಿರ ನಿಂತಿದ್ದ. ಒಂಬತ್ತು ವರ್ಷಗಳಿಂದ ಅವನು ನಿಲ್ಲುತ್ತಿದ್ದದ್ದು ಅಲ್ಲೇ.

ಊರಿನವರು ಅವನನ್ನು ಕಾಸರಕದ ಚಿನ್ನಯ್ಯ ಎನ್ನುತ್ತಿದ್ದರು. ಕಾಸರಕ ನಮ್ಮ ಗುಡ್ಡೆಗಳಲ್ಲಿ ತಾನಾಗಿ ಬೆಳೆಯುವ ವಿಷದ ಮರ. ಆ ಮರದ ಕೆತ್ತೆ, ಅಂದರೆ ತೊಗಟೆ, ತಂದು ನನ್ನ ಅಮ್ಮ ಸರಸಳ ಸಾವಿಗೆ ಕಾರಣನಾದವನು ಅವನು ಎಂದು ಊರು ನಂಬಿತ್ತು. ಬೇಕೆಂದೇ ಮಾಡಿದ ಎಂದು ಯಾರೂ ಹೇಳುತ್ತಿರಲಿಲ್ಲ. ಕತ್ತಲಲ್ಲಿ ಮದ್ದಿನ ಪಾಲೆ ಮರ ಎಂದುಕೊಂಡು ತಪ್ಪಿದ ಎನ್ನುತ್ತಿದ್ದರು. ಅಷ್ಟು ಉದಾರಿಗಳು ನಮ್ಮವರು. ಆದರೆ ಅವನ ಕೈಯಿಂದ ಒಂದು ಲೋಟ ನೀರನ್ನೂ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಬೇರು ನಾರು ತಂದು ಮಾರುತ್ತಿದ್ದವನು, ಆಮೇಲೆ ಕಲ್ಲು ಹೊತ್ತು ಬದುಕಿದ.

ಬಸ್ಸು ಬಂದಾಗ ಚಿನ್ನಯ್ಯ ಹತ್ತಿರ ಬಂದ. ಅಡಿಕೆ ಹಾಳೆಯಲ್ಲಿ ಸುತ್ತಿ ನಾರಿನಿಂದ ಬಿಗಿದ ಒಂದು ಸಣ್ಣ ಕಟ್ಟನ್ನು ನನ್ನ ಟ್ರಂಕಿನ ಮೇಲಿಟ್ಟ. ಕೈಗೆ ಕೊಡಲಿಲ್ಲ, ಅಷ್ಟು ಅಭ್ಯಾಸವಾಗಿಹೋಗಿತ್ತು.

"ಕೆತ್ತೆ ನೋಡಿ ಮರ ಯಾವುದು ಅಂತ ಹೇಳುವ ಪಾಠ ಉಂಟಂತೆ ಅಲ್ಲಿ. ಹೌದಾ?"

"ಇರಬಹುದು."

"ಇದು ಅವತ್ತು ನಾನು ತಂದ ಕೆತ್ತೆ. ಉಳಿದ ತುಂಡು. ಒಲೆಯ ಮೇಲೆ ಹೊಗೆಯಲ್ಲಿ ಇಟ್ಟಿದ್ದೆ. ಯಾವ ಮರದ್ದು ಅಂತ ನೋಡಿ ಹೇಳಿ. ಕಾಸರಕ ಅಂತ ಆದ್ರೆ ಹಾಗೇ ಹೇಳಿ, ಬೇಜಾರಿಲ್ಲ. ಪಾಲೆಯದ್ದು ಅಂತ ಆದ್ರೆ, ಆಟಿ ಅಮಾಸೆಗೆ ನಿಮ್ಮ ಮನೆಯಲ್ಲಿ ಒಂದು ಸಲ ನಾನು ತಂದದ್ದು ಕುಡೀರಿ. ಜನ ನೋಡ್ಲಿ. ಅಷ್ಟೇ ಸಾಕು."

ಬಸ್ಸಿನವನು ಹಾರ್ನ್ ಹೊಡೆದ. ನಾನು ಕಟ್ಟನ್ನು ಟ್ರಂಕಿಗೆ ಹಾಕಿಕೊಂಡೆ.

ಆಟಿ ಅಮಾವಾಸ್ಯೆಯ ವಿಷಯವನ್ನು ಹಾಸ್ಟೆಲಿನಲ್ಲಿ ಮೈಸೂರು ಕಡೆಯ ಹುಡುಗಿಯರಿಗೆ ನಾನು ಎಷ್ಟು ಸಲ ವಿವರಿಸಿದ್ದೇನೋ. ಮಳೆಗಾಲದ ನಡುವಿನ ಆ ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮೊದಲು ಪಾಲೆ ಮರದ, ಅಂದರೆ ಹಾಲೆ ಮರದ, ಕೆತ್ತೆ ತರಬೇಕು. ಕತ್ತಿ ತಾಗಿಸಬಾರದು, ಕಲ್ಲಿನಿಂದ ಜಜ್ಜಿಯೇ ತೆಗೆಯಬೇಕು. ಅರೆದು ರಸ ಹಿಂಡಿ, ಓಮ, ಕರಿಮೆಣಸು, ಬೆಳ್ಳುಳ್ಳಿ ಹಾಕಿ, ಕೆಂಡದಲ್ಲಿ ಕಾಯಿಸಿದ ಬಿಳಿ ಕಲ್ಲನ್ನು ಅದಕ್ಕೆ ಬಿಡುತ್ತಾರೆ. ಬರಿಹೊಟ್ಟೆಯಲ್ಲಿ ಮನೆಯವರೆಲ್ಲ ಕುಡಿಯುತ್ತಾರೆ. ಆ ಕಹಿಗೆ ಹೋಲಿಕೆ ಇಲ್ಲ. ಮೇಲೆ ಮೆಂತೆ ಗಂಜಿ ಉಣ್ಣಬೇಕು. ಒಂದು ವರ್ಷದ ಕಾಯಿಲೆ ಹತ್ತಿರ ಬರುವುದಿಲ್ಲವಂತೆ.

೧೯೫೪ರಲ್ಲಿ ನನಗೆ ಹತ್ತು ವರ್ಷ. ಅಮ್ಮನಿಗೆ ಆ ವರ್ಷ ಹೊಟ್ಟೆಯಲ್ಲಿದ್ದ ಮಗು ನಿಲ್ಲದೆ ಹೋಗಿ ಮೈಯಲ್ಲಿ ಬಲವಿರಲಿಲ್ಲ, ರಾತ್ರಿ ನಿದ್ದೆಯೂ ಇರಲಿಲ್ಲ. ಅಪ್ಪ ಡಾಕ್ಟರ ಬಳಿ ಕೇಳಿ ಬಾಟ್ಲಿ ಮದ್ದು ತಂದುಕೊಡುತ್ತಿದ್ದರು. ಅಮಾವಾಸ್ಯೆಯ ಬೆಳಿಗ್ಗೆ ಚಿನ್ನಯ್ಯ ತಂದ ಕೆತ್ತೆಯ ಕಷಾಯವನ್ನು ಅಪ್ಪ, ಅಜ್ಜಿ ಸೇಸಮ್ಮ, ನಾನು ಕುಡಿದೆವು. ಕೊನೆಗೆ ಅಮ್ಮ ಕುಡಿದಳು. ಹೇಗೂ ಬಾಯಿ ಕಹಿಯಾಗಿದೆ, ಇದೂ ಮುಗಿದುಹೋಗಲಿ ಎಂದು ಬಾಟ್ಲಿಯಲ್ಲಿ ಉಳಿದಿದ್ದ ಕೊನೆಯ ಡೋಸನ್ನೂ ಕುಡಿದಳು. ಆಮೇಲೆ ಬಾಟ್ಲಿಗೆ ಒಂದಿಷ್ಟು ನೀರು ಹಾಕಿ, ಚೆನ್ನಾಗಿ ಕುಲುಕಿ, ಅದನ್ನೂ ಕುಡಿದಳು. ಖಾಲಿ ಬಾಟ್ಲಿಯನ್ನು ಅಪ್ಪ ಅದೇ ದಿನ ಡಿಸ್ಪೆನ್ಸರಿಗೆ ಒಯ್ಯಬೇಕಿತ್ತು.

ಅಪ್ಪ ಪೇಟೆಗೆ ಹೊರಟು ಅರ್ಧ ಗಂಟೆಯಾಗಿರಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಬಿದ್ದಳು. ಮೈ ಬಿಲ್ಲಿನ ಹಾಗೆ ಬಗ್ಗಿತ್ತು. ಹಲ್ಲು ಕಚ್ಚಿತ್ತು, ತುಟಿ ಎಳೆದುಕೊಂಡು ನಗುವವಳ ಹಾಗೆ ಕಾಣುತ್ತಿದ್ದಳು. ಸ್ವಲ್ಪ ಬಿಟ್ಟಿತು. ನಾನು ಓಡಿಹೋಗಿ ಹಿಡಿದುಕೊಂಡೆ, ಮತ್ತೆ ಬಗ್ಗಿದಳು. ಬಿಟ್ಟಾಗ ನನ್ನನ್ನು ನೋಡಿ, "ಮುಟ್ಬೇಡ ಮಗಾ, ಮುಟ್ಬೇಡ" ಅಂದಳು. ಅಮ್ಮ ನನಗೆ ಹೇಳಿದ ಕೊನೆಯ ಮಾತು ಅದು. ಅಪ್ಪನನ್ನು ಕರೆತರುವಷ್ಟರಲ್ಲಿ ಮುಗಿದಿತ್ತು.

"ಕಾಸರಕ" ಎಂದು ಮೊದಲು ಹೇಳಿದವಳು ಅಜ್ಜಿ. ನಾವು ಉಳಿದವರು ಬದುಕಿದ್ದೇವಲ್ಲ ಎಂದರೆ ಅದಕ್ಕೂ ಉತ್ತರವಿತ್ತು. ಎಲ್ಲರಿಗೂ ಬಡಿಸಿ ಕೊನೆಗೆ ಕುಡಿದವಳಿಗೆ ತಳದ ಗಷ್ಟು ಸಿಕ್ಕಿತು, ನಂಜು ಇದ್ದದ್ದು ಅದರಲ್ಲಿ. ಮನೆಯ ಹೆಂಗಸಿಗೆ ತಳದ್ದೇ ಸಿಗುವುದು ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತಾದ್ದರಿಂದ ಊರು ನಂಬಿತು. ಚಿನ್ನಯ್ಯ ಅಂಗಳದಲ್ಲಿ ನಿಂತು ಒಂದೇ ಮಾತು ಹೇಳುತ್ತಿದ್ದ. ಪಾಲೆಯದ್ದೇ, ನಾನು ಹಿಂದಿನ ದಿನವೇ ಮರಕ್ಕೆ ನೂಲು ಕಟ್ಟಿ ಬಂದಿದ್ದೆ, ಪಾಲೆಯದ್ದೇ. ಹತ್ತು ಜನರ ಬಾಯಿಗೆ ಒಬ್ಬನ ಬಾಯಿ ಎಲ್ಲಿ ಸಾಟಿ? ಅಪ್ಪ ತಲೆ ತಗ್ಗಿಸಿ ಕುಳಿತಿದ್ದರು, ಏನೂ ಹೇಳಲಿಲ್ಲ.

ನಾನು ಅಳಲಿಲ್ಲ. ಆಮೇಲೂ ಅಳಲಿಲ್ಲ. ಹುಡುಗಿಯದು ಕಲ್ಲೆದೆ ಎಂದರು. ಕಲ್ಲಲ್ಲ, ಅಲ್ಲಿ ಏನೂ ಇರಲಿಲ್ಲ ಅಷ್ಟೆ. ಮುಟ್ಟಬೇಡ ಎಂದವಳ ಮೇಲೆ ಸ್ವಲ್ಪ ಸಿಟ್ಟಿತ್ತು. ಅದೂ ಕ್ರಮೇಣ ಹೋಯಿತು.

ಕಾಲೇಜಿನಲ್ಲಿ ನನಗೆ ಒಗ್ಗಿತು. ಅಲ್ಲಿ ಯಾರೂ ಭಾವನೆ ಕೇಳುತ್ತಿರಲಿಲ್ಲ, ತೂಕ ಕೇಳುತ್ತಿದ್ದರು. ಒಂದು ಗ್ರೇನು ಹೆಚ್ಚಾದರೆ ಮತ್ತೆ ಮೊದಲಿನಿಂದ ಮಾಡು. ಮೊದಲ ವರ್ಷ ರಸಾಯನ, ಸಸ್ಯ, ಪ್ರಾಣಿ ಎಂದು ಕಳೆಯಿತು. ಆಮೇಲೆ ಎಣ್ಣೆಯನ್ನೂ ನೀರನ್ನೂ ಒರಳಿನಲ್ಲಿ ಅರೆದು ಒಂದು ಮಾಡುವುದು, ಪುಡಿಯನ್ನು ಕಾಗದದಲ್ಲಿ ಮಡಚುವುದು, ಡಾಕ್ಟರರು ಗೀಚಿದ ಲ್ಯಾಟಿನ್ನನ್ನು ಓದುವುದು, ಯಾವ ವಯಸ್ಸಿಗೆ ಎಷ್ಟು ಹನಿ ಎಂದು ಬಾಯಿಪಾಠ ಮಾಡುವುದು. ಮದ್ದು ಬೆರೆಸುವುದನ್ನು ಕಲಿಸುವ ನಮ್ಮ ಡಿಸ್ಪೆನ್ಸಿಂಗ್ ಮೇಷ್ಟ್ರು ಮದ್ರಾಸಿನ ಕಡೆಯವರು, ಮುದುಕರು. ವೈದ್ಯ ಒಬ್ಬನನ್ನು ಕೊಲ್ಲಬಹುದು, ಔಷಧ ಬೆರೆಸುವವನು ಸಾಲಾಗಿ ಕೊಲ್ಲುತ್ತಾನೆ ಎಂದು ಪ್ರತಿ ತರಗತಿಯಲ್ಲೂ ಹೇಳುತ್ತಿದ್ದರು. ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ಹಾಳೆಯ ಕಟ್ಟು ಎರಡು ವರ್ಷ ಟ್ರಂಕಿನ ತಳದಲ್ಲೇ ಇತ್ತು. ಅದರ ಪಕ್ಕದಲ್ಲಿ ಅಪ್ಪನ ಹಳೆಯ ಮಿಕ್ಸ್ಚರ್ ಪುಸ್ತಕ. ನಾನು ಹೊರಡುವಾಗ ಅಪ್ಪನೇ ಕೊಟ್ಟದ್ದು. ಇಪ್ಪತ್ತು ವರ್ಷ ತಾನು ಬೆರೆಸಿದ ಮದ್ದುಗಳನ್ನೆಲ್ಲ ದಿನಾಂಕ ಹಾಕಿ, ಯಾರಿಗೆ ಎಷ್ಟು ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದಿಟ್ಟಿದ್ದರು. ಎರಡನ್ನೂ ನಾನು ತೆರೆದು ನೋಡಲಿಲ್ಲ. ಏಕೆ ಎಂದು ಕೇಳಿದರೆ ಹೇಳಲು ಗೊತ್ತಿಲ್ಲ. ರಜೆಗೆ ಬಂದಾಗ ಚಿನ್ನಯ್ಯ ಮೈಲುಗಲ್ಲಿನ ಬಳಿ ನಿಂತು ನೋಡುತ್ತಿದ್ದ. "ಆ ಪಾಠ ಇನ್ನೂ ಬರ್ಲಿಲ್ಲ ಚಿನ್ನಯ್ಯ" ಎನ್ನುತ್ತಿದ್ದೆ. ಅದು ನಿಜವೂ ಆಗಿತ್ತು.

ಮೂರನೆಯ ವರ್ಷ, ೧೯೬೫ರ ಜುಲೈಯ ಮೊದಲ ವಾರ ಆ ಪಾಠ ಬಂತು. ಬೇರು, ಎಲೆ, ತೊಗಟೆಗಳನ್ನು ಗುರುತಿಸುವುದು. ಹೊರಮೈ ನೋಡು, ಮುರಿದ ಅಂಚು ನೋಡು, ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡು, ಕೊನೆಗೆ ಆಮ್ಲದ ಒಂದು ಹನಿ ಬಿಡು. ಕಾಸರಕದ ಒಳತೊಗಟೆಗೆ ನೈಟ್ರಿಕ್ ಆಮ್ಲ ಬಿದ್ದರೆ ರಕ್ತದ ಕೆಂಪು ಬರುತ್ತದೆ ಎಂದು ಪುಸ್ತಕದಲ್ಲಿತ್ತು.

ಹಾಸ್ಟೆಲಿನ ಹಿಂದಿನ ಗುಡ್ಡೆಯಲ್ಲೇ ಕಾಸರಕ ಸಿಕ್ಕಿತು. ಒಂದು ತುಂಡು ಕೆತ್ತಿ ತಂದೆ. ಶನಿವಾರ ಮಧ್ಯಾಹ್ನ ಲ್ಯಾಬಿನಲ್ಲಿ ಯಾರೂ ಇಲ್ಲದಾಗ ಎರಡು ಬಿಳಿ ತಟ್ಟೆ ಇಟ್ಟು, ಒಂದರಲ್ಲಿ ಗುಡ್ಡೆಯದು, ಇನ್ನೊಂದರಲ್ಲಿ ಚಿನ್ನಯ್ಯನದು ಇಟ್ಟೆ. ಗುಡ್ಡೆಯದಕ್ಕೆ ಹನಿ ಬಿಟ್ಟೆ. ಕೆಂಪಾಯಿತು, ಪುಸ್ತಕದಲ್ಲಿ ಹೇಳಿದಷ್ಟೇ ಕೆಂಪು. ಚಿನ್ನಯ್ಯನದಕ್ಕೆ ಬಿಟ್ಟೆ. ಮಣ್ಣಿನ ಬಣ್ಣವಾಯಿತು. ಇನ್ನೊಂದು ಹನಿ, ಇನ್ನೊಂದು ತುಂಡು. ಕೆಂಪು ಬರಲೇ ಇಲ್ಲ. ಸೀಳಿ ನೋಡಿದೆ. ಪುಸ್ತಕದ ಪಾಲೆಯ ಚಿತ್ರಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಪಾಲೆಯದ್ದೇ.

ನನಗೆ ಸಂತೋಷವಾಗಬೇಕಿತ್ತು. ತಟ್ಟೆ ತೊಳೆದಿಟ್ಟು ಮೆಸ್ಸಿಗೆ ಹೋದೆ. ಅಂದು ಹಲಸಿನ ಬೀಜದ ಸಾರು. ಎರಡು ಸಲ ಬಡಿಸಿಕೊಂಡೆ. ಹಾಗಾದರೆ ಅಮ್ಮ ಸತ್ತದ್ದು ಏನಾಗಿ ಎಂಬ ಪ್ರಶ್ನೆ ಬಂದದ್ದು ಕೈ ತೊಳೆಯುವಾಗ.

ಉತ್ತರ ಹತ್ತು ದಿನದಲ್ಲಿ ಬಂತು, ಡಿಸ್ಪೆನ್ಸಿಂಗ್ ತರಗತಿಯಲ್ಲಿ. ಒಂದೊಂದಾಗಿ ಕೊಟ್ಟರೆ ಒಳ್ಳೆಯದಾದ ಎರಡು ಮದ್ದು ಒಂದೇ ಬಾಟ್ಲಿಗೆ ಬಿದ್ದರೆ ಹೇಗೆ ಕೆಡುತ್ತವೆ ಎಂಬುದು ಅಂದಿನ ಪಾಠ. ಮೇಷ್ಟ್ರು ಬೋರ್ಡಿನ ಮೇಲೆ ಬರೆದರು. ನರಕ್ಕೆ ಬಲ ಕೊಡುವ ಟಾನಿಕ್ಕಿನಲ್ಲಿ ಸ್ಟ್ರಿಕ್ನಿನ್ ಇರುತ್ತದೆ. ಕಾಸರಕದ ಬೀಜದಿಂದ ತೆಗೆದ ವಿಷವೇ, ಆದರೆ ಹನಿ ಲೆಕ್ಕದಲ್ಲಿ ಮದ್ದು. ನಿದ್ದೆಗೆ ಕೊಡುವುದು ಬ್ರೋಮೈಡ್. ಎರಡನ್ನೂ ಬೆರೆಸಿದಾಗ ನೀರು ತಿಳಿಯಾಗಿಯೇ ಕಾಣುತ್ತದೆ, ಬೆರೆಸಿದವನಿಗೆ ಅನುಮಾನ ಬರುವುದಿಲ್ಲ. ಒಂದೆರಡು ದಿನದಲ್ಲಿ ವಿಷವೆಲ್ಲ ಸಣ್ಣ ಹರಳಾಗಿ ತಳಕ್ಕೆ ಇಳಿಯುತ್ತದೆ. ಕುಲುಕದೆ ಕುಡಿದ ರೋಗಿಗೆ ಮೊದಲಿನ ಡೋಸುಗಳಲ್ಲಿ ಏನೂ ಆಗುವುದಿಲ್ಲ. ಬಾಟ್ಲಿಯ ವಿಷವಷ್ಟೂ ಕೊನೆಯ ಡೋಸಿನಲ್ಲಿ ಒಟ್ಟಿಗೆ ಸಿಗುತ್ತದೆ.

"ಲಕ್ಷಣ ಬರೆದುಕೊಳ್ಳಿ" ಎಂದರು. ಅರ್ಧ ಗಂಟೆಯೊಳಗೆ ಶುರು. ಮೈ ಬಿಲ್ಲಿನಂತೆ ಬಾಗುತ್ತದೆ. ಮುಖದಲ್ಲಿ ನಗುವಿನಂಥ ಬಿಗಿತ. ಪ್ರಜ್ಞೆ ಕೊನೆಯವರೆಗೂ ಸ್ಪಷ್ಟ. ಬೆಳಕು, ಸದ್ದು, ಯಾರಾದರೂ ಮುಟ್ಟಿದರೂ ಸಾಕು, ಸೆಳೆತ ಮತ್ತೆ ಬರುತ್ತದೆ. ಆದ್ದರಿಂದ ರೋಗಿಯನ್ನು ಮುಟ್ಟಬಾರದು.

ನಾನು ಬರೆದುಕೊಂಡೆ. ರೋಗಿಯನ್ನು ಮುಟ್ಟಬಾರದು. ಕೆಳಗೆ ಗೆರೆಯನ್ನೂ ಎಳೆದೆ, ಪರೀಕ್ಷೆಗೆ ಬರುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಹನ್ನೊಂದು ವರ್ಷ ಅಮ್ಮ ನನ್ನನ್ನು ದೂರ ಮಾಡಿದಳು ಎಂದುಕೊಂಡಿದ್ದೆ. ಅವಳಿಗೆ ಪಾಠ ಓದದೆಯೇ ಗೊತ್ತಾಗಿತ್ತು. ಗಂಟೆ ಹೊಡೆಯಿತು, ಎಲ್ಲರೂ ಎದ್ದರು, ನಾನೂ ಎದ್ದೆ.

ಕೋಣೆಗೆ ಬಂದು ಅಪ್ಪನ ಪುಸ್ತಕ ತೆರೆದೆ. ೧೯೫೪ರ ಜುಲೈ ಹುಡುಕುವುದು ಕಷ್ಟವಾಗಲಿಲ್ಲ. ಸರಸ, ವಯಸ್ಸು ಇಪ್ಪತ್ತೆಂಟು. ಟಾನಿಕ್ಕಿನ ಸಾಲು. ಅದರ ಕೆಳಗೆ ಬ್ರೋಮೈಡಿನ ಸಾಲು. ಎರಡಕ್ಕೂ ಸೇರಿಸಿ ಒಂದು ಆವರಣ, ಅದರ ಮುಂದೆ "ಒಂದೇ ಬಾಟ್ಲಿ".

ಏಕೆ ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಆಗೆಲ್ಲ ಮದ್ದಿಗೆ ಬರುವವರು ಬಾಟ್ಲಿಯನ್ನು ಮನೆಯಿಂದಲೇ ತರಬೇಕಿತ್ತು. ಒಳ್ಳೆಯ ಬಿರಡೆಯ ಬಾಟ್ಲಿ ಒಂದು ಮನೆಯಲ್ಲಿ ಒಂದಿದ್ದರೆ ದೊಡ್ಡದು. ಮೂರು ಮೈಲು ನಡೆದು ಬಂದವನ ಕೈಯಲ್ಲಿ ಒಂದೇ ಬಾಟ್ಲಿ, ಡಾಕ್ಟರು ಬರೆದದ್ದು ಎರಡು ಮದ್ದು. ಕಂಪೌಂಡರ್ ಏನು ಮಾಡಬೇಕು? ಹೊಂದಿಸಿ ಒಂದಕ್ಕೇ ಹಾಕಿಕೊಡುತ್ತಿದ್ದರು. ಎಲ್ಲ ಕಡೆಯೂ ಹಾಗೆಯೇ. ಅಪ್ಪ ಬಾಟ್ಲಿಯ ಬೆನ್ನಿಗೆ ಕಾಗದದ ಪಟ್ಟಿ ಅಂಟಿಸಿ ಹಲ್ಲು ಹಲ್ಲಾಗಿ ಕತ್ತರಿಸಿಡುತ್ತಿದ್ದರು, ಒಂದು ಹಲ್ಲಿಗೆ ಒಂದು ಡೋಸು. ಮದ್ದು ತಿಳಿಯಾಗಿತ್ತು. ಕುಲುಕು ಎಂದು ಹೇಳುವ ಅಗತ್ಯ ಕಂಡಿರಲಿಕ್ಕಿಲ್ಲ. ಅಮ್ಮನಿಗಂತೂ ಕಷಾಯದ ಅಭ್ಯಾಸ. ಕುಲುಕದೆ ಮೇಲಿನ ತಿಳಿ ಬಗ್ಗಿಸಿ ಕುಡಿಯುವುದು, ಕೊನೆಗೆ ತಳದ ಸತ್ವ ಹಾಳಾಗಬಾರದೆಂದು ನೀರು ಹಾಕಿ ಕುಡಿಯುವುದು.

ಅಷ್ಟಾಗಿದ್ದರೆ ಗೊತ್ತಿಲ್ಲದೆ ಮಾಡಿದ ತಪ್ಪು ಎಂದು ಪುಸ್ತಕ ಮುಚ್ಚಬಹುದಿತ್ತು. ನಾನು ಪುಟ ಮಗುಚಿದೆ. ಆಗಸ್ಟ್ ತಿಂಗಳಿನಿಂದ, ಟಾನಿಕ್ಕೂ ಬ್ರೋಮೈಡೂ ಯಾರಿಗೆ ಬರೆದಿದ್ದರೂ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಮಾತು ಇತ್ತು. "ಬೇರೆ ಬೇರೆ ಬಾಟ್ಲಿ." ಮುಂದಿನ ಪುಟದಲ್ಲಿ, ಅದರ ಮುಂದಿನ ಪುಟದಲ್ಲಿ, ಕೊನೆಯವರೆಗೂ. ಪ್ರತಿಯೊಂದು ಸಲವೂ ಕೆಂಪು ಶಾಯಿ.

ಅಪ್ಪನಿಗೆ ಗೊತ್ತಿತ್ತು. ಅಮ್ಮನ ಉತ್ತರಕ್ರಿಯೆ ಮುಗಿಯುವುದರೊಳಗೇ ಗೊತ್ತಾಗಿತ್ತು. ಚಿನ್ನಯ್ಯ ಅಂಗಳದಲ್ಲಿ ನಿಂತು ಪಾಲೆಯದ್ದೇ ಎನ್ನುತ್ತಿದ್ದ ದಿನಗಳಲ್ಲೇ. ಆ ಪುಸ್ತಕವನ್ನು ನನ್ನ ಕೈಗೆ ಕೊಟ್ಟದ್ದು ಮರೆತೋ, ನೋಡಲಿ ಎಂದೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಅಮಾವಾಸ್ಯೆಗೆ ಮೂರು ದಿನವಿದ್ದಾಗ ರಜೆ ಹಾಕಿ ಊರಿಗೆ ಬಂದೆ. ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸಿ ಊರಿನಲ್ಲಿ ಇಳಿದಾಗ ಚಿನ್ನಯ್ಯ ಮೈಲುಗಲ್ಲಿನ ಬಳಿ ಇದ್ದ. ನನ್ನ ಮುಖ ನೋಡಿಯೇ ಗೊತ್ತಾಯಿತೇನೋ.

"ಪಾಠ ಬಂತಾ?"

"ಬಂತು. ಅಮಾಸೆ ದಿನ ಹೇಳ್ತೇನೆ."

"ಆಗ್ಲಿ" ಎಂದ. ಹನ್ನೊಂದು ವರ್ಷ ಕಾದವನಿಗೆ ಮೂರು ದಿನ ಏನೂ ಅಲ್ಲ ಎಂದುಕೊಂಡೆ. ಹೇಡಿಗಳಿಗೆ ಲೆಕ್ಕ ಚೆನ್ನಾಗಿ ಬರುತ್ತದೆ.

ಸಂಜೆ ಅಪ್ಪ ಜಗಲಿಯಲ್ಲಿ ಕುಳಿತು ಮರುದಿನದ ಬಾಟ್ಲಿಗಳಿಗೆ ಪಟ್ಟಿ ಕತ್ತರಿಸುತ್ತಿದ್ದರು. ಅಜ್ಜಿ ಒಳಗಿದ್ದಳು. ಅವಳಿಗೆ ಕಿವಿ ಮುಕ್ಕಾಲು ಹೋಗಿತ್ತು, ಮನೆಯಲ್ಲಿ ಏನು ಬೇಕಾದರೂ ಮಾತಾಡಬಹುದಿತ್ತು. ನಾನು ಪುಸ್ತಕವನ್ನು ಆ ಪುಟಕ್ಕೇ ತೆರೆದು ಅಪ್ಪನ ಮುಂದಿಟ್ಟೆ.

"ಚಿನ್ನಯ್ಯ ತಂದದ್ದು ಪಾಲೆಯದ್ದೇ. ನಾನು ಪರೀಕ್ಷೆ ಮಾಡಿದೆ."

ಅಪ್ಪ ಕತ್ತರಿ ಕೆಳಗಿಡಲಿಲ್ಲ. ಕೈಯಲ್ಲಿದ್ದ ಪಟ್ಟಿಯನ್ನು ಕೊನೆಯ ಹಲ್ಲಿನವರೆಗೂ ಕತ್ತರಿಸಿ ಮುಗಿಸಿದರು.

"ನಾನು ಕಾಸರಕ ಅಂತ ಯಾರತ್ರವೂ ಹೇಳ್ಲಿಲ್ಲ ವಿನೋದಾ. ನಿನ್ನಜ್ಜಿ ಹೇಳಿದ್ರು. ಊರು ಹೇಳಿತು. ನಾನು ಅಲ್ಲ ಅನ್ನಲಿಲ್ಲ, ಅಷ್ಟೇ."

"ಅಷ್ಟೇ?"

"ಅವತ್ತೇ ಹೇಳ್ಬೇಕಿತ್ತು. ನಾಳೆ ಹೇಳುವ ಅಂತ ಬಿಟ್ಟೆ. ಮತ್ತೆ ಹೇಳುವ ದಿನ ಬರ್ಲೇ ಇಲ್ಲ." ಪಟ್ಟಿಗಳನ್ನು ಜೋಡಿಸಿ ಅಂಚು ಸರಿಮಾಡಿದರು. "ಹೇಳಿದ್ರೆ ಕೆಲಸ ಹೋಗ್ತಿತ್ತು. ಹೆಂಡತಿಗೇ ವಿಷ ಹಾಕಿದವ ಅಂತಿದ್ರು. ನಿನ್ನನ್ನು ಯಾರು ಓದಿಸ್ತಿದ್ರು?"

ನನ್ನ ಹಾಸ್ಟೆಲ್ಲು, ಪುಸ್ತಕ, ಕೆಂಪು ಬಣ್ಣ ತೋರಿಸಿದ ಆಮ್ಲದ ಹನಿ, ಎಲ್ಲವೂ ಚಿನ್ನಯ್ಯ ಹೊತ್ತ ಹೆಸರಿನ ಮೇಲೆಯೇ ನಿಂತಿದ್ದವು. ಅಪ್ಪನ ಮೇಲೆ ಸಿಟ್ಟು ಬರಲಿ ಎಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಹೇಗಿರುತ್ತದೋ ಹಾಗಿತ್ತು.

ಕೊನೆಗೆ ಅಪ್ಪನೇ ಒಂದು ದಾರಿ ಹೇಳಿದರು. "ಈ ಅಮಾಸೆಗೆ ಅವನತ್ರವೇ ಕೆತ್ತೆ ತರಿಸುವ. ನಾನು ಅಂಗಳದಲ್ಲಿ ಎಲ್ಲರ ಎದುರು ಕುಡೀತೇನೆ. ಅವ ಕೇಳಿದ್ದೂ ಅಷ್ಟೇ ಅಲ್ವಾ? ಪರೀಕ್ಷೆ, ಬಾಟ್ಲಿ ಅದೆಲ್ಲ ಬೇಡ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

ನಾನು ಒಪ್ಪಿದೆ. ಅದನ್ನು ಇಲ್ಲಿ ಬರೆಯಲೇಬೇಕು. ಆಗ್ಲಿ ಅಪ್ಪ ಎಂದೆ.

ಅಮಾವಾಸ್ಯೆಯ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಬೆಳಕು ಹರಿಯುವಾಗ ಚಿನ್ನಯ್ಯ ಕೆತ್ತೆ ತಂದ. ಮಿಂದು ಒಗೆದ ಮುಂಡು ಉಟ್ಟಿದ್ದ. ಹಸನಬ್ಬ ಅಂಗಡಿ ಮುಚ್ಚಿಯೇ ಬಂದಿದ್ದರು, ಅವರ ಹಿಂದೆ ಬೆಂಚಿನ ನಾಲ್ಕೈದು ಜನ. ಇಂಥ ಸುದ್ದಿಗೆ ನಮ್ಮೂರಿನಲ್ಲಿ ಟಪಾಲು ಬೇಡ. ಅಜ್ಜಿ ಅವನನ್ನು ನೋಡಿದ್ದೇ ಮುಖ ತಿರುಗಿಸಿ ಬಾಗಿಲ ಒಳಗೆ ಕುಳಿತಳು. ನಾನು ಅರೆದು ಹಿಂಡಿದೆ. ಬಿಳಿ ಕಲ್ಲು ರಸಕ್ಕೆ ಬಿದ್ದು ಚುಂಯ್ ಎಂದಿತು. ಎರಡು ಲೋಟಕ್ಕೆ ಹಾಕಿ ತಂದೆ, ಒಂದು ಅಪ್ಪನಿಗೆ, ಒಂದು ನನಗೆ.

ಅಪ್ಪ ಅಂಗಳದ ನಡುವೆ ನಿಂತು ಒಂದೇ ಉಸಿರಿನಲ್ಲಿ ಕುಡಿದರು. ನಾನೂ ಕುಡಿದೆ. ಕುಡಿದ ಅಪ್ಪನನ್ನು ಎಲ್ಲರೂ ನೋಡುತ್ತ ನಿಂತರು, ಬೀಳುತ್ತಾರೋ ಎಂದು. ಬೀಳಲಿಲ್ಲ.

"ದೊಡ್ಡ ಮನಸ್ಸು ಮಾರಾಯ್ರೆ ಕಂಪೌಂಡ್ರದ್ದು" ಎಂದರು ಹಸನಬ್ಬ. "ಹೆಂಡತಿಯನ್ನು ಕಳಕೊಂಡವ್ರು ಕ್ಷಮಿಸಿಬಿಟ್ರಲ್ಲ. ಬೇರೆ ಯಾರಿಗೆ ಆಗ್ತದೆ?"

ಹೌದು ಹೌದು ಎಂದರು ಉಳಿದವರು. ಚಿನ್ನಯ್ಯನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವನು ಮುಂದೆ ಬಂದು ಅಪ್ಪನ ಕಾಲಿನ ಹತ್ತಿರ ಮೊಣಕಾಲೂರಿ ಬಗ್ಗಿದ.

"ಕತ್ತಲೆ ಇತ್ತು ಕಂಪೌಂಡ್ರೆ" ಎಂದ. "ನನ್ನ ಕಣ್ಣು ತಪ್ಪಿತೋ ಏನೋ. ಕಾಸರಕವೇ ಆಗಿರ್ಬಹುದು. ಹೊಟ್ಟೆಗೆ ಹಾಕ್ಕೊಳ್ಳಿ."

ಹನ್ನೊಂದು ವರ್ಷ, ಎಷ್ಟು ಜನ ಹೀಯಾಳಿಸಿದರೂ, ಈ ಮಾತು ಅವನ ಬಾಯಿಂದ ಬಂದಿರಲಿಲ್ಲ. ಕಲ್ಲು ಹೊತ್ತ, ಬೆಂಚು ಬಿಟ್ಟ, ಪಾಲೆಯದ್ದೇ ಎಂಬ ಮಾತು ಬಿಟ್ಟಿರಲಿಲ್ಲ. ಈಗ ಒಂದು ಲೋಟ ಕಷಾಯಕ್ಕೆ ಅದನ್ನೂ ಕೊಟ್ಟುಬಿಟ್ಟ. ನಾನು ಅಪ್ಪನನ್ನು ನೋಡಿದೆ. ಬೇಡ ಎನ್ನಿ ಎಂದು ನೋಡಿದೆ.

"ಆಯ್ತು ಚಿನ್ನಯ್ಯ, ಏಳು" ಎಂದರು ಅಪ್ಪ. "ಮುಗಿದದ್ದು ಮುಗೀತು."

"ಕಾಸರಕ ಅಲ್ಲ" ಎಂದೆ ನಾನು. ಎಲ್ಲರೂ ತಿರುಗಿದರು. "ನಾನು ಕಾಲೇಜಿನಲ್ಲಿ ನೋಡಿದ್ದೇನೆ. ಪಾಲೆಯದ್ದು. ಅಮ್ಮನ ಮಿಕ್ಸ್ಚರಿನಲ್ಲಿ ಸ್ಟ್ರಿಕ್ನಿನ್ ಇತ್ತು, ಬ್ರೋಮೈಡ್ ಸೇರಿ ಹರಳು ಇಳಿದಿತ್ತು."

ಯಾರಿಗೂ ಅರ್ಥವಾಗಲಿಲ್ಲ. ಚಿನ್ನಯ್ಯ ಬಗ್ಗಿದಲ್ಲಿಂದಲೇ ತಲೆಯೆತ್ತಿ ನನ್ನ ಬಾಯಿಯನ್ನೇ ನೋಡುತ್ತಿದ್ದ. ಎರಡು ವರ್ಷ ಓದಿದ ಶಬ್ದಗಳೆಲ್ಲ ಅಂಗಳದಲ್ಲಿ ಉಪಯೋಗಕ್ಕೆ ಬರಲಿಲ್ಲ. ನಾನು ಮನೆಯ ಮಾತಿನಲ್ಲಿ ಮತ್ತೆ ಹೇಳಿದೆ.

"ಅಮ್ಮ ಸತ್ತದ್ದು ಅಪ್ಪ ಕೊಟ್ಟ ಬಾಟ್ಲಿಯಿಂದ."

ಅಷ್ಟರಲ್ಲಿ ಬಾಗಿಲ ಒಳಗಿನಿಂದ ಅಜ್ಜಿ, ಎಲ್ಲರ ಮುಖ ನೋಡಿ ಏನೋ ಆಗಿದೆ ಎಂದು ತಿಳಿದು, ದೊಡ್ಡ ಸ್ವರದಲ್ಲಿ ಕೇಳಿದಳು.

"ಎಂತ? ಎಂತ ಹೇಳಿದಳು ಅವಳು?"

ಎಲ್ಲರೂ ಅಪ್ಪನ ಕಡೆ ನೋಡಿದರು.

"ಕೇಳ್ಲಿಲ್ಲ ಮುಂಡಪ್ಪ! ಗಟ್ಟಿ ಹೇಳು!"

ಅಪ್ಪ ಲೋಟವನ್ನು ಕಟ್ಟೆಯ ಮೇಲಿಟ್ಟರು. ಬಾಗಿಲ ಹತ್ತಿರ ಹೋಗಿ, ತಾಯಿಯ ಕಿವಿಯ ಕಡೆ ಬಗ್ಗಿ ಹೇಳಿದರು. ಅವಳು ತಲೆಯಾಡಿಸಿ, ಕೇಳಲಿಲ್ಲ ಎಂದು ಕೈ ಮಾಡಿದಳು. ಇನ್ನೊಮ್ಮೆ ಹೇಳಿದರು. ಆಗಲೂ ಕೇಳಲಿಲ್ಲ. ಮೂರನೆಯ ಸಲ ಅಪ್ಪ ನೆಟ್ಟಗೆ ನಿಂತು ಕೂಗಿದರು, ರಸ್ತೆಯಲ್ಲಿ ಹೋಗುವವರು ನಿಲ್ಲುವಷ್ಟು ಗಟ್ಟಿಯಾಗಿ.

"ಸರಸ ಸತ್ತದ್ದು ನನ್ನ ಬಾಟ್ಲಿಯಿಂದ ಅಮ್ಮ! ಚಿನ್ನಯ್ಯನ ಕೆತ್ತೆಯಿಂದ ಅಲ್ಲ! ನನಗೆ ಅವತ್ತೇ ಗೊತ್ತಿತ್ತು!"

ಅಜ್ಜಿಗೆ ಕೇಳಿಸಿತು.

ಚಿನ್ನಯ್ಯ ಎದ್ದು ನಿಂತ. ಮೊಣಕಾಲಿನ ಕೆಸರು ಒರೆಸಿಕೊಂಡ. ಅರೆಯುವ ಕಲ್ಲಿನ ಪಕ್ಕದಲ್ಲಿ ಉಳಿದಿದ್ದ ಕೆತ್ತೆಯ ತುಂಡುಗಳನ್ನು ಒಂದೊಂದಾಗಿ ಹೆಕ್ಕಿ ಮುಂಡಿನ ಮಡಿಲಿಗೆ ಹಾಕಿಕೊಂಡ.

"ಪಾಲೆಯದ್ದೇ ಅಂತ ನಾನು ಅವತ್ತೇ ಹೇಳಿದ್ದೆ" ಎಂದ. ನಮಗಲ್ಲ, ಹಸನಬ್ಬರಿಗೆ. "ನಿಮ್ಮತ್ರವೂ ಹೇಳಿದ್ದೆ."

"ಹೇಳಿದ್ದಿ" ಎಂದರು ಹಸನಬ್ಬ.

ಅವನು ಅಂಗಳ ದಾಟಿ ಹೋದ. ಒಬ್ಬೊಬ್ಬರಾಗಿ ಉಳಿದವರೂ ಹೋದರು. ಅಪ್ಪ ಬಾಗಿಲ ಬಳಿಯೇ ನಿಂತಿದ್ದರು, ಇನ್ನೂ ಕೂಗಬೇಕಾದೀತು ಎಂಬಂತೆ. ಒಲೆಯ ಮೇಲೆ ಮೆಂತೆ ಗಂಜಿ ಇತ್ತು, ಯಾರೂ ಬಡಿಸಿಕೊಳ್ಳಲಿಲ್ಲ. ಕಷಾಯದ ಕಹಿ ನನ್ನ ನಾಲಿಗೆಯಲ್ಲಿ ಮಧ್ಯಾಹ್ನದವರೆಗೂ ಇತ್ತು. ಆ ದಿನ ನನಗೆ ತಟ್ಟಿದ್ದು ಅದೊಂದೇ.